ಎರಡು ಸಂಜೆ ತಪ್ಪಿದ ಗುಳಿಗೆ

ಹೋದ ವರ್ಷ ಚವತಿ ಮುಗಿದ ವಾರ ಮೀನು ಬೋಟಿನಿಂದ ಇಳಿದ ನನ್ನ ಅಣ್ಣ ಮತ್ತೆ ಬೋಟು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಜ್ವರ, ಕೆಮ್ಮು, ಗಂಜಿಯೂ ಗಂಟಲಿಗೆ ಇಳಿಯದು. ಕಾರವಾರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಎಚ್‌ಐವಿ ಬಹಳ ಮುಂದುವರಿದಿದೆ, ಜೊತೆಗೆ ಕ್ಷಯವೂ ಇದೆ ಎಂದರು. ಅಣ್ಣನ ಒಪ್ಪಿಗೆ ಪಡೆದೇ ಇದನ್ನು ನಿಮ್ಮ ಮುಂದೆ ಬರೆಯುತ್ತಿದ್ದೇನೆ.

ಮೊದಲು ಕ್ಷಯದ ಔಷಧಿ, ಎರಡು ವಾರದ ಮೇಲೆ ಎಚ್‌ಐವಿಯ ಎಆರ್‌ಟಿ ಗುಳಿಗೆ. ದಿನವೂ ಸಂಜೆ ಏಳಕ್ಕೆ, ಒಂದು ದಿನವೂ ತಪ್ಪಕೂಡದು ಎಂದು ಅಲ್ಲಿಯ ಸಮಾಲೋಚಕಿ ನನ್ನ ಬಾಯಿಂದಲೇ ಎರಡು ಸಲ ಹೇಳಿಸಿದರು. ನಾನು ಬಿ.ಎಸ್ಸಿ. ಓದಿದವಳು, ಆ ಮಾತಿನ ತೂಕ ಗೊತ್ತಿತ್ತು. ಅಂಕೋಲೆಯ ಮನೆಗೆ ಬಂದ ಅಣ್ಣ ಸ್ವಲ್ಪ ಚೇತರಿಸಿಕೊಂಡ. ಎಆರ್‌ಟಿ ಶುರುವಾದ ಮೂರನೆಯ ವಾರ ಜ್ವರ ಮತ್ತೆ ಏರಿತು. ಕತ್ತಿನ ಎರಡೂ ಬದಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದವು.

"ಈ ಹೊಸ ಗುಳಿಗೆನೇ ಇವನ್ನ ತಿಂತಾ ಉಂಟು," ಎಂದಳು ಆಯಿ, ನಮ್ಮ ಅಮ್ಮ. "ದೇವಿ ಹತ್ರ ಪ್ರಸಾದ ಕೇಳ್ತೆ. ಅವ್ಳು ಹೇಳೂವರಿಗೆ ಒಂದೂ ಕೊಡುದ್ ಬೇಡ."

ನಮ್ಮಲ್ಲಿ ಪ್ರಸಾದ ಕೇಳುವುದೆಂದರೆ ಊರ ಗುಡಿಯಲ್ಲಿ ಒದ್ದೆ ಹೂವಿನ ಎಸಳನ್ನು ದೇವಿಯ ಮೈಗೆ ಅಂಟಿಸಿ ಪ್ರಶ್ನೆ ಇಡುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಉತ್ತರ ಬರುವ ತನಕ ಕೇಳಿದ ಕೆಲಸವನ್ನು ಮುಟ್ಟುವಂತಿಲ್ಲ. ಗುಳಿಗೆ ಕೊಡಬೇಕೋ ಎಂದು ಆಯಿ ಕೇಳಿದಳು. ಮಧ್ಯಾಹ್ನದವರೆಗೆ ಕೂತರೂ ಎಸಳು ಕದಲಲಿಲ್ಲ. ಮರುದಿನವೂ ಅಷ್ಟೇ.

ಎರಡು ಸಂಜೆ ಏಳು ಗಂಟೆಗೆ ನಾನು ಡಬ್ಬಿ ಹಿಡಿದು ಕೂತೆ, ಗುಳಿಗೆ ಕೊಡಲಿಲ್ಲ. "ಬಲೆ ಎಳೂವಾಗ್ಲೂ ನಾವು ಇಷ್ಟು ಹೊತ್ತು ಕಾಯುದಿಲ್ಲ ಮಾರಾಯ್ತಿ," ಎಂದು ಅಣ್ಣ ನಗಲು ನೋಡಿದ, ಕೆಮ್ಮು ಬಿಡಲಿಲ್ಲ. ತಾಯೀ, ಇವನನ್ನು ಉಳಿಸು ಎನ್ನುವುದರ ಹೊರತು ನನಗೆ ಬೇರೆ ಪ್ರಾರ್ಥನೆ ಹೊಳೆಯಲಿಲ್ಲ.

ಮೂರನೆಯ ಬೆಳಿಗ್ಗೆ ನಾನೂ ಗುಡಿಗೆ ಹೋದೆ. ಅಲ್ಲಿ ಪೂಜೆ ಮಾಡುವ ಗುನಗಜ್ಜ ಎಸಳು ಅಂಟಿಸುವ ಮುನ್ನ ಕೈ ತಡೆದು ಕೇಳಿದ: "ಈ ಗುಳಿಗೆ ಶುರು ಮಾಡಿ ಎಷ್ಟು ದಿನ ಆಯ್ತು?"

"ಮೂರು ವಾರ," ಎಂದೆ.

"ಮೊದ್ಲೇ ಹೇಳುಕೆ ಏನಾಗಿತ್ತೆ ನಿಮ್ಗೆ? ಬೋಟು ಸಮುದ್ರಕ್ಕೆ ಹೋದ್ಮೇಲೆ, ಹೋಗ್ಬೇಕೋ ಬೇಡ್ವೋ ಅಂತ ಯಾರಾದ್ರೂ ಪ್ರಸಾದ ಕೇಳ್ತ್ರಾ? ಹೊರಡೂಕೆ ಮೊದ್ಲು ಕೇಳುದು. ನಡುನೀರಲ್ಲಿ ಇದ್ದಂವನ ಮೇಲೆ ಪ್ರಶ್ನೆ ಇಡ್ಲಾಗ. ಅದಕ್ಕೇ ಅವ್ಳು ಮಾತಾಡ್ಲಿಲ್ಲ. ಹೋಗಿ, ಡಾಕ್ಟರನ್ನ ಕೇಳಿ."

ಆಯಿ ಎದ್ದು ನಿಂತು, "ಬಸ್ಸು ಎಷ್ಟೊತ್ತಿಗೆ?" ಎಂದಳು.

ಕಾರವಾರದ ಡಾಕ್ಟರು ಗಡ್ಡೆ ಮುಟ್ಟಿ ನೋಡಿ, ಪರೀಕ್ಷೆ ಮಾಡಿಸಿ ಹೇಳಿದರು: "ಮೈಗೆ ಬಲ ಬರ್ತಾ ಇದೆ. ಅಡಗಿದ್ದ ಕ್ಷಯದ ಮೇಲೆ ಈಗ ಅದು ತಿರುಗಿ ಬಿದ್ದಿದೆ, ಅದಕ್ಕೇ ಈ ಬಾವು. ಇದಕ್ಕೆ ಬೇರೆ ಔಷಧಿ ಕೊಡ್ತೇನೆ. ಎಆರ್‌ಟಿ ಮಾತ್ರ ನಿಲ್ಲಿಸಬಾರದು. ಎರಡು ಸಂಜೆ ತಪ್ಪಿದ್ದೇ ಸಾಕು, ಪೂರಾ ನಿಲ್ಲಿಸಿಬಿಟ್ಟಿದ್ರೆ ಕೈಮೀರಿ ಹೋಗ್ತಿತ್ತು."

ಆ ಸಂಜೆ ಏಳಕ್ಕೆ ಗುಳಿಗೆ ಕೊಟ್ಟವಳು ಆಯಿಯೇ. ತಿಂಗಳೊಳಗೆ ಬಾವು ಇಳಿಯಿತು. ಈಚಿನ ಪರೀಕ್ಷೆಯಲ್ಲಿ ವೈರಸ್ಸು ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗಿದೆ. ಅಣ್ಣ ಮತ್ತೆ ಬೋಟಿಗೆ ಹೋಗುತ್ತಿದ್ದಾನೆ, ಗುಳಿಗೆ ಜೊತೆಗಿಟ್ಟುಕೊಂಡು.

ಏಳು ಗಂಟೆಯಾದರೆ ಈಗಲೂ ನನಗೆ ಆ ಎಸಳು ನೆನಪಾಗುತ್ತದೆ. ಎಸಳು ಎಡಕ್ಕೆ ಜಾರಿದ್ದರೆ ಆಯಿಯನ್ನು ಎದುರಿಸುವ ಧೈರ್ಯ ನನಗಿರಲಿಲ್ಲ. ಓದಿದ ನಾನೂ ನಿಲ್ಲಿಸಿಬಿಡುತ್ತಿದ್ದೆ. ಕಡಲಗಾಳಿ ನುಗ್ಗುವ ಆ ಗುಡಿಯಲ್ಲಿ ಎರಡು ದಿನ ಎಸಳನ್ನು ಬೀಳಗೊಡದೆ ಹಿಡಿದವಳು ದೇವಿಯೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಿಮ್ಮ ಮನೆಯಲ್ಲೂ ಇಂಥ ಗುಳಿಗೆ ಇದ್ದರೆ ಹರಕೆ ಹೊರಿ, ಹಣ್ಣುಕಾಯಿ ಮಾಡಿಸಿ; ಗುಳಿಗೆಯನ್ನು ಮಾತ್ರ ಪ್ರಶ್ನೆಗೆ ಇಡಬೇಡಿ. ಅದನ್ನು ಕೊಟ್ಟವಳೂ ಅವಳೇ.