ಒಂದು ಕೈಗೆ ಒಪ್ಪುವ ಗಾಳ

ಇವತ್ತು ಬೆಳಿಗ್ಗೆ ನನ್ನ ಸೊಸೆ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುವಾಗ ಎರಡು ಹನಿ ನೆಲಕ್ಕೆ ಬಿದ್ದವು. ಒರೆಸಲು ಬಟ್ಟೆ ಹಿಡಿದು ಬಗ್ಗಿದ ನಾನು, ಒರೆಸಿದ ಬಟ್ಟೆಯನ್ನು ಮೂಸುತ್ತ ಅಲ್ಲೇ ಕೂತುಬಿಟ್ಟೆ.

“ಯಾಕ್ರಿ ಮಾವ, ಆರಾಮ ಅದೀರಿಲ್ಲೋ?” ಎಂದಳು.

“ಆರಾಮ ಅದೀನವ್ವ. ಮೀನು ನೆನಪಾತು.”

“ಮಿಷನ್ ಎಣ್ಣಿ ಮೂಸಿದರ ಮೀನು ನೆನಪಾಗ್ತಾವೇನ್ರಿ? ಅದೂ ಮೀನು ಮುಟ್ಟದ ನಿಮಗ?”

ಅವಳು ಕೇಳಿದ್ದು ಸರಿಯೇ. ನಾನು ಮೀನು ತಿಂದವನಲ್ಲ. ಈಜು ಬಲ್ಲವನೂ ಅಲ್ಲ. ಆದರೂ ಆದೋನಿಯ ಪೇಟೆಯಲ್ಲಿ ಗಾಳದ ಕೋಲು, ರೀಲುಗಳ ವಿಷಯದಲ್ಲಿ ಸಲಹೆ ಕೊಡುವ ಮನುಷ್ಯ ಒಂದು ಕಾಲಕ್ಕೆ ನಾನೊಬ್ಬನೇ ಇದ್ದೆ. ಆ ಸಲಹೆಗಳೆಲ್ಲ ತಪ್ಪಾಗಿದ್ದವು ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ನಗುವುದು ಬೇಡ.

ಅದು ಎರಡನೆಯ ಮಹಾಯುದ್ಧದ ಕಾಲ. ಶೆಟ್ಟರ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಬೀಗ, ಲಾಟೀನು, ಹಗ್ಗ, ಮೊಳೆ, ಇಂಥವು ನಮ್ಮ ಸರಕು. ಯುದ್ಧಕ್ಕೆ ಮೊದಲು ಯಾರೋ ಒಬ್ಬ ಇಂಗ್ಲಿಷ್ ದೊರೆ ನಮ್ಮ ಅಂಗಡಿಯ ಮೂಲಕ ಮದ್ರಾಸಿನಿಂದ ಗಾಳದ ಸಾಮಾನು ತರಿಸಿದ್ದನಂತೆ. ಪೆಟ್ಟಿಗೆ ಬಂದು ತಲುಪುವಷ್ಟರಲ್ಲಿ ಅವನಿಗೆ ವರ್ಗವಾಗಿ, ಪೆಟ್ಟಿಗೆ ಅಟ್ಟ ಸೇರಿತ್ತು. ಶೆಟ್ಟರೂ ನನ್ನ ಹಾಗೆ ಸಸ್ಯಾಹಾರಿ. ಆ ಪೆಟ್ಟಿಗೆ ಅವರ ತಲೆಯ ಮೇಲೆಯೇ ಇದ್ದರೂ ಅದರ ಮಾತು ಎತ್ತುತ್ತಿರಲಿಲ್ಲ.

ಅಂಥ ಅಂಗಡಿಗೆ ಒಂದು ಸಂತೆಯ ದಿನ ತಾಯಮ್ಮ ಬಂದಳು. ಕೋಸಗಿಯಿಂದ ಆಚೆ, ತುಂಗಭದ್ರೆಯ ದಂಡೆಯ ಹಳ್ಳಿಯವಳು. ಹರಿಗೋಲು ಹಾಕಿ ಜನರನ್ನು ಹೊಳೆ ದಾಟಿಸುತ್ತಿದ್ದಳು. ಹಿಂದೆ ಅವಳ ಗಂಡ ಹನುಮಂತಪ್ಪ ನಿಂತಿದ್ದ. ಅವನ ಎಡಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ.

“ಅಣ್ಣಾ, ಒಂದ ಕೈಲಿಂದ ಹಿಡಿಯೋ ಗಾಳ ಐತೇನ್ರಿ ನಿಮ್ಮಲ್ಲಿ? ಗಾಲಿ ಇರತೈತಂತಲ್ಲ, ದೊರೆಗಳು ಹಿಡೀತಾರಲ್ಲ, ಅದು.”

ಹೋದ ವರ್ಷ ಹತ್ತಿ ಹೇರಿದ ಗಾಡಿ ಮಗುಚಿ ಕೈ ಜಜ್ಜಿತ್ತು, ಬಳ್ಳಾರಿಯಲ್ಲಿ ಕತ್ತರಿಸಿ ತೆಗೆದಿದ್ದರು. ಅದಕ್ಕೆ ಮೊದಲು ಹನುಮಂತಪ್ಪ ಬೀಸುಬಲೆ ಎಸೆದರೆ ಅದು ನೀರಿನ ಮೇಲೆ ದುಂಡಗೆ, ತಟ್ಟಿದ ರೊಟ್ಟಿಯ ಹಾಗೆ ಬಿಚ್ಚಿ ಬೀಳುತ್ತಿತ್ತಂತೆ. ಬೀಸುಬಲೆಗೆ ಎರಡು ಕೈ ಬೇಕು. ಈಗ ಅವನು ಗೋಡೆಗೆ ಮುಖ ಮಾಡಿ ಕೂರುತ್ತಾನೆ, ಹೊಳೆಯ ಕಡೆ ಹೋಗುವುದೇ ಇಲ್ಲ ಎಂದು ಅವಳು ಅವನ ಎದುರಿಗೇ ಹೇಳಿದಳು. ಅವನು ಅಂಗಡಿಯ ಬೀಗಗಳನ್ನು ನೋಡುತ್ತ ನಿಂತಿದ್ದ.

ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದೆ. ಮೂರು ಕೋಲುಗಳಿದ್ದವು. ನಾನು ಕಲಿತ ವ್ಯಾಪಾರದ ಬುದ್ಧಿಗೆ ಉದ್ದವಾದದ್ದೇ ಶ್ರೇಷ್ಠ. ಎರಡಾಳುದ್ದದ ಕೋಲನ್ನು ಜೋಡಿಸಿ, “ದೊಡ್ಡ ಮೀನಿಗೆ ಇದೇ ಬೇಕು,” ಎಂದು ಕೈಗೆ ಕೊಟ್ಟೆ. ಹನುಮಂತಪ್ಪ ಅದನ್ನು ಒಂದು ಗಳಿಗೆ ಎತ್ತಿ ಹಿಡಿದ. ತುದಿ ನಿಧಾನಕ್ಕೆ ನೆಲ ಮುಟ್ಟಿತು. ಅದನ್ನು ಅಲ್ಲೇ ಬಿಟ್ಟು ತಿರುಗಿ ಬಾಗಿಲ ಕಡೆ ನಡೆದ.

ತಾಯಮ್ಮ ಅಡ್ಡ ನಿಂತಳು. “ಇನ್ನೂ ಎರಡು ಅದಾವ. ಅವನ್ನೂ ನೋಡಿ ಹೋಗ್ರಿ. ನಾ ಏನು ಹೊತ್ತು ಕಳೆಯಾಕ ಬಂದೀನೇನು ಇಲ್ಲಿಗೆ?”

ಅವಳ ದನಿಗೆ ಅವನು ತಿರುಗಿ ಬಂದ. ಎಲ್ಲಕ್ಕಿಂತ ಗಿಡ್ಡದ್ದನ್ನು, ಮೂಲೆಯಲ್ಲಿ ನಿಲ್ಲಿಸುವ ಬೆತ್ತದಂತಿದ್ದ ಕೋಲನ್ನು ತೆಗೆದುಕೊಂಡ. ಬುಡವನ್ನು ಎಡ ಕಂಕುಳಲ್ಲಿ ಸಿಕ್ಕಿಸಿ, ಉಳಿದ ಅರ್ಧ ತೋಳಿನಿಂದ ಅದುಮಿ ಹಿಡಿದ. ಬಲಗೈ ಖಾಲಿಯಾಯಿತು. ಆ ಖಾಲಿ ಕೈಯನ್ನು ಅವನು ನೋಡಿಕೊಂಡ ರೀತಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ.

“ಗಾಲಿ ಕೊಡ್ರಿ,” ಎಂದ. ಅದೇ ಅವನ ಮೊದಲ ಮಾತು.

ರೀಲುಗಳು ಎರಡು. ಒಂದು ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಹಿತ್ತಾಳೆಯದು, ಕಪ್ಪಾಗಿತ್ತು, ತಿರುಗುತ್ತಲೂ ಇರಲಿಲ್ಲ. ನಾನು ಯಾವುದನ್ನು ಹೊಗಳಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಅವನು ಹೊಳೆಯುವುದರ ಹಿಡಿಕೆ ಮುಟ್ಟಿ, “ಇದು ಭಾಳ ಸಣ್ಣದಾತು. ಒದ್ದಿ ಕೈಯಾಗ ಜಾರತೈತಿ,” ಎಂದ. ಹಿತ್ತಾಳೆಯದಕ್ಕೆ ಹೆಬ್ಬೆರಳಿನ ಗಾತ್ರದ ಮರದ ಹಿಡಿಕೆಯಿತ್ತು. ನಾನು ಅದನ್ನು ಬಿಚ್ಚಿ, ಕಿಲುಬು ತೆಗೆದು, ಶೆಟ್ಟರ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅದು ಕಟಕಟ ಎಂದು ತಿರುಗತೊಡಗಿತು. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಉಳಿದದ್ದು ಹುಸಿ ಮೀನುಗಳು: ಎರೆಯ ಬದಲು ಕೊಕ್ಕೆಗೆ ಕಟ್ಟಿ ನೀರಿನಲ್ಲಿ ಎಳೆಯುವ ಗೊಂಬೆಗಳು. ಕೆಂಪು ಬಿಳಿ ಬಣ್ಣದ, ಗಾಜಿನ ಕಣ್ಣಿನ ಕಟ್ಟಿಗೆ ಮೀನೊಂದಿತ್ತು. ಎಷ್ಟು ಚೆಂದವಿತ್ತೆಂದರೆ ನಾನು ಮೀನಾಗಿದ್ದರೆ ಅದನ್ನೇ ನುಂಗುತ್ತಿದ್ದೆ. ಹನುಮಂತಪ್ಪ ಎಲ್ಲವನ್ನೂ ಅಂಗಡಿಯ ಹಿಂದಿನ ನೀರಿನ ಬಾನಿಗೆ ಒಯ್ದು, ಒಂದೊಂದನ್ನೇ ದಾರಕ್ಕೆ ಕಟ್ಟಿ ಎಳೆದು ನೋಡಿದ. ಕೊನೆಗೆ ಚಮಚದ ತಲೆಯಂಥ ಒಂದು ಮಾಸಲು ಹಿತ್ತಾಳೆಯ ತಗಡು ನೀರಿನಲ್ಲಿ ಆ ಕಡೆ ಈ ಕಡೆ ಹೊರಳಿತು.

“ಬರ್ರಿಲ್ಲೆ, ನೋಡ್ರಿ,” ಎಂದು ನನ್ನನ್ನು ಕರೆದ. “ಪೆಟ್ಟು ತಿಂದ ಮೀನು ಹಿಂಗ ಹೊಟ್ಟಿ ಹೊರಳಿಸ್ತೈತಿ. ಬಾಳೆ ಮೀನು ಅದನ್ನ ಕಾಯ್ತಿರತೈತಿ. ನಿಮ್ಮ ಬಣ್ಣದ ಗೊಂಬಿ ಸತ್ತೋರ ಹಂಗ ನೆಟ್ಟಗ ಬರ್ತೈತಿ.” ಆಮೇಲೆ ಬಾಳೆ ಮೀನು ಯಾವ ಬಂಡೆಯ ಕೆಳಗೆ ಇರುತ್ತದೆ, ನೀರು ತಿಳಿಯಾದಾಗ ಎಲ್ಲಿಗೆ ಬರುತ್ತದೆ ಎಂದೆಲ್ಲ ಹೇಳುತ್ತಲೇ ಹೋದ. ತಾಯಮ್ಮ ಬಾನಿಯ ಆಚೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ವರ್ಷದಲ್ಲಿ ಅವನು ಇಷ್ಟು ಮಾತಾಡಿರಲಿಲ್ಲವಂತೆ.

ಶೆಟ್ಟರು ತಮ್ಮ ತೆಲುಗಿನಲ್ಲಿ, “ತೀಸ್ಕೊಪೋಮ್ಮಾ,” ಎಂದರು. ತೆಗೆದುಕೊಂಡು ಹೋಗು ಎಂದಷ್ಟೇ, ಹಣದ ಮಾತು ಎತ್ತಲಿಲ್ಲ. ಆಮೇಲೆ ಕನ್ನಡದಲ್ಲಿ, “ಮೀನು ಸಿಕ್ಕರ ಸುದ್ದಿ ತಂದು ಹೇಳ್ರಿ. ಮೀನು ಮಾತ್ರ ತರಬ್ಯಾಡ್ರಿ,” ಎಂದು ಸೇರಿಸಿದರು.

ಪೆಟ್ಟಿಗೆಯ ರೇಷ್ಮೆ ದಾರ ಮುಟ್ಟಿದರೆ ಪುಡಿಯಾಗುತ್ತಿತ್ತು. ತಾಯಮ್ಮ ಹತ್ತಿಯ ನೂಲು ಹೊಸೆದು, ನೀರಿಗೆ ಕೊಳೆಯದಂತೆ ಬಲೆಗೆ ಮಾಡುವ ಹಾಗೆ ತಂಗಡಿ ಗಿಡದ ತೊಗಟೆಯ ರಸದಲ್ಲಿ ನೆನೆಸಿ ಹುರಿ ಮಾಡಿದಳು. ಮುಂದಿನ ಭಾನುವಾರ ನಾನು ರೈಲಿನಲ್ಲಿ ಕೋಸಗಿಗೆ ಹೋಗಿ, ಅಲ್ಲಿಂದ ಗಾಡಿಯಲ್ಲಿ ಹೊಳೆಗೆ ಹೋದೆ. ರೀಲು ಕೈಕೊಟ್ಟರೆ ಎಂಬ ನೆಪವಿತ್ತು. ನಿಜವೆಂದರೆ ನೋಡದೆ ಇರಲಾಗಲಿಲ್ಲ.

ತಾಯಮ್ಮ ಹುಟ್ಟು ಹಾಕುತ್ತಿದ್ದಳು. ಹನುಮಂತಪ್ಪ ಕೋಲನ್ನು ಕಂಕುಳಲ್ಲಿ ಇಟ್ಟು ಹುರಿಯನ್ನು ಹರಿಗೋಲಿನ ಹಿಂದೆ ಬಿಟ್ಟಿದ್ದ. ನಾನು ಎರಡೂ ಕೈಯಲ್ಲಿ ಅಂಚು ಹಿಡಿದು ಮನೆದೇವರನ್ನು ನೆನೆಯುತ್ತಿದ್ದೆ. ಮೊದಲ ಜಗ್ಗಿಗೆ ಸಿಕ್ಕಿದ್ದು ಬಂಡೆ. ಎರಡನೆಯದಕ್ಕೂ ಬಂಡೆ. ಮೂರನೆಯ ಸಲ ತಗಡು ಎಷ್ಟು ಎಳೆದರೂ ಬರಲಿಲ್ಲ.

“ಬ್ಯಾಡ ಬಿಡು. ನನ್ನ ಕೈಲೆ ಆಗಂಗಿಲ್ಲ,” ಎಂದು ಅವನು ಕೋಲನ್ನು ಹರಿಗೋಲಿನೊಳಗೆ ಎಸೆದ.

ತಾಯಮ್ಮ ಹುಟ್ಟನ್ನು ನನ್ನ ಕೈಗೆ ತುರುಕಿ ನೀರಿಗೆ ಹಾರಿದಳು. ಹರಿಗೋಲು ನನ್ನ ದಯೆಯಿಂದ ಗಿರಗಿರ ಸುತ್ತಿತು. ಅವಳು ಮುಳುಗಿ, ತಗಡು ಬಿಡಿಸಿಕೊಂಡು ಮೇಲೆ ಬಂದು, ಅದನ್ನು ಗಂಡನ ಅಂಗೈಯಲ್ಲಿಟ್ಟಳು.

“ಬಲಿ ಬೀಸೋದು ಕಲಿಯಾಕ ನಿಮಗ ಎಷ್ಟು ವರ್ಷ ಹಿಡೀತು? ಇದಕ್ಕ ಒಂದು ದಿನಾನೂ ಕೊಡಂಗಿಲ್ಲೇನು?”

ದಂಡೆಗೆ ಬಂದು ರೊಟ್ಟಿ ತಿಂದೆವು. ನನಗೆಂದು ಪುಂಡಿಪಲ್ಯವನ್ನು ಮೀನಿನ ಸೋಂಕಿಲ್ಲದ ಹೊಸ ಗಡಿಗೆಯಲ್ಲಿ ಮಾಡಿ ತಂದಿದ್ದಳು. ತಿಂದಾದ ಮೇಲೆ ಅವನೇ ಎದ್ದು ಹರಿಗೋಲು ಹತ್ತಿದ.

ಬಿಸಿಲು ಇಳಿಯುವ ಹೊತ್ತಿಗೆ ಕೋಲು ಬಿಲ್ಲಿನಂತೆ ಬಗ್ಗಿತು. ಈ ಬಂಡೆ ಓಡುತ್ತಿತ್ತು! ರೀಲು ಕಿರಗುಟ್ಟಿತು. ನಾನು ಅಂಚು ಬಿಟ್ಟು ಕೋಲಿಗೆ ಕೈ ಚಾಚಿದೆ.

“ಯಾರೂ ಮುಟ್ಟಬ್ಯಾಡ್ರಿ!” ಎಂದು ಹನುಮಂತಪ್ಪ ಗುಡುಗಿದ. ಆ ದನಿಗೆ ದಂಡೆಯ ಕೊಕ್ಕರೆಗಳು ಎದ್ದುಹೋದವು. ಮೀನು ಎಳೆದಾಗ ಬಿಟ್ಟ, ನಿಂತಾಗ ಸುತ್ತಿದ. ಕೋಲು ಕಂಕುಳಿಂದ ಒಮ್ಮೆ ಜಾರಿತು. ಮೊಣಕಾಲಲ್ಲಿ ತಡೆದು ಮತ್ತೆ ಸಿಕ್ಕಿಸಿದ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಹರಿಗೋಲಿನ ಪಕ್ಕ ತೋಳುದ್ದದ ಬೆಳ್ಳಿ ಬಣ್ಣದ ಬಾಳೆ ಮೀನು ಹೊಟ್ಟೆ ತೋರಿಸಿತು. ಅವನೇ ಬಗ್ಗಿ, ಕಿವಿರಿಗೆ ಬೆರಳು ಹಾಕಿ ಒಳಗೆ ಎತ್ತಿಕೊಂಡ. ಅದು ನನ್ನ ಧೋತರದ ಮೇಲೆಯೇ ಬಿತ್ತು. ಮೂವರೂ ನಕ್ಕೆವು, ಮೂವರಿಗೂ ಕಣ್ಣು ಒದ್ದೆಯಾಗಿತ್ತು.

ಮುಂದೆ ಅವನು ಗೋಡೆಗೆ ಮುಖ ಮಾಡಿ ಕೂರಲಿಲ್ಲ. ವಾರಕ್ಕೊಮ್ಮೆ ಕೋಸಗಿಯ ಸಂತೆಗೆ ಅವನ ಮೀನು ಬರುತ್ತಿತ್ತು, ನಮ್ಮ ಅಂಗಡಿಗೆ ಸುದ್ದಿ ಬರುತ್ತಿತ್ತು. ಯುದ್ಧ ಮುಗಿದ ಮೇಲೆ, ಪೆದ್ದಕಡುಬೂರಿನ ಒಬ್ಬ ಸಿಪಾಯಿಯನ್ನು ಅವನೇ ಕರೆದುಕೊಂಡು ಬಂದ. ಆ ಸಿಪಾಯಿಗೂ ಒಂದು ಕೈ ಇರಲಿಲ್ಲ. ನಾನು ಉತ್ಸಾಹದಿಂದ ಉಳಿದ ಕೋಲುಗಳನ್ನು ಇಳಿಸಿ ಬಾಯಿ ತೆರೆದೆ.

“ಅಣ್ಣಾ, ನೀವು ಸುಮ್ನಿರ್ರಿ. ಆಯ್ಕಿ ನಾ ಮಾಡ್ತೀನಿ,” ಎಂದ ಹನುಮಂತಪ್ಪ.

ಇಷ್ಟನ್ನೂ ಕೇಳಿದ ಸೊಸೆ, “ಅವರು ಈಗ ಅದಾರೇನ್ರಿ?” ಎಂದಳು.

“ಆತ ಹೋದ. ತಾಯಮ್ಮ ಅದಾಳಂತ, ನನ್ನಷ್ಟ ವಯಸ್ಸು.”

“ಹೋಗಿ ನೋಡೀರೇನ್ರಿ?”

ಇಲ್ಲ ಎನ್ನಲು ನಾಚಿಕೆಯಾಯಿತು. ಅಂಗಡಿ ಬಿಟ್ಟ ಮೇಲೆ ಹೋಗಿರಲಿಲ್ಲ. ವಯಸ್ಸಾಯಿತು, ಇನ್ನೆಲ್ಲಿಗೆ ಹೋಗುವುದು ಎಂದು ಈ ಕೆಲವು ವರ್ಷಗಳಿಂದ ಹೊಸ್ತಿಲು ದಾಟುವುದನ್ನೇ ಕಡಿಮೆ ಮಾಡಿದ್ದೆ.

“ಭಾನುವಾರ ಹೋಗೂಣ್ರಿ ಮಾವ. ಯಾವ ರೈಲುಗಾಡಿಗೆ?”

“ಮೊದಲನೇ ಗಾಡಿಗೇ,” ಎಂದೆ.