ಮಾವನವರು ಎತ್ತದ ಬೆರಳು

ಬೆಳಿಗ್ಗೆಯಿಂದ ಮನೆಯೆಲ್ಲ ಅಗಸೆ ಹುರಿದ ವಾಸನೆ. ನನ್ನ ಹೆಂಡತಿ ಚಟ್ನಿಪುಡಿಗೆ ಅಗಸೆ ಹುರಿಯುತ್ತ, ಪಕ್ಕದ ಮನೆಗೆ ಹೊಸದಾಗಿ ಬಂದ ಹೆಣ್ಣುಮಗಳಿಗೆ ತನ್ನ ಗಂಡನ ಸತ್ಯವಂತಿಕೆಯ ಕಥೆ ಹೇಳುತ್ತಿದ್ದಾಳೆ. ಆ ಕಥೆ ಶುರುವಾದರೆ ನಾನು ಪೇಪರು ಹಿಡಿದು ಜಗುಲಿಗೆ ಬಂದುಬಿಡುವುದು ರೂಢಿ. ನೀವು ಸಿಕ್ಕಿದ್ದು ಒಳ್ಳೆಯದಾಯಿತು, ಕೂತುಕೊಳ್ಳಿ. ಅವಳು ಹೇಳುವುದನ್ನು ಅವಳು ಹೇಳಲಿ, ನಡೆದದ್ದನ್ನು ನಾನು ಹೇಳುತ್ತೇನೆ.

ಅಗಸೆ ಎಂದರೆ ನಿಮಗೆ ಚಟ್ನಿ ನೆನಪಾಗಬಹುದು. ನನಗೆ ನೆನಪಾಗುವುದು ಕ್ರಿಕೆಟ್ ಬ್ಯಾಟು. ಆಗ ನಾನು ದುರ್ಗದ ತಾಲ್ಲೂಕು ಕಚೇರಿಯಲ್ಲಿ ಹೊಸ ಗುಮಾಸ್ತ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಂಗಳೂರಿನಲ್ಲಿ ಓದಿ ಬಂದಿದ್ದ ನಮ್ಮ ಅಮಲ್ದಾರರಿಗೆ ಕ್ರಿಕೆಟ್ ಹುಚ್ಚು. ಅಮಲ್ದಾರರಿಗೆ ಹಿಡಿದ ಹುಚ್ಚು ಕಚೇರಿಗೆಲ್ಲ ಹಿಡಿಯಬೇಕಷ್ಟೆ. ಬ್ಯಾಟಿಗೆ ಅಗಸೆ ಎಣ್ಣೆ ಸವರಬೇಕೆಂದು ಅವರು ಹೇಳಿದ್ದೇ ತಡ, ಹಿರೇಗುಂಟನೂರಿನಿಂದ ನನ್ನ ಮಾವ ಮಗಳ ಚಟ್ನಿಗೆಂದು ಕಳಿಸಿದ್ದ ಅಗಸೆಯನ್ನೆಲ್ಲ ಗಾಣಕ್ಕೆ ಹಾಕಿಸಿ ಬ್ಯಾಟಿಗೆ ಕುಡಿಸಿದೆ. ಆ ವರ್ಷ ನಮ್ಮ ಮನೆಯಲ್ಲಿ ಅಗಸೆ ಚಟ್ನಿ ಇರಲಿಲ್ಲ. ಅದನ್ನೂ ನನ್ನ ಹೆಂಡತಿ ಮರೆತಿಲ್ಲ.

ಹಿರಿಯೂರಿನವರ ಮೇಲೆ ಪಂದ್ಯ ಗೊತ್ತಾಯಿತು. ಅಂಪೈರಾಗಿ ನಿಲ್ಲಬೇಕಿದ್ದ ಇಬ್ಬರಲ್ಲಿ ಒಬ್ಬರು, ಶಾಲೆಯ ಮೇಷ್ಟರು, ಪಂದ್ಯದ ದಿನವೇ ಜ್ವರ ಬಂದು ಮಲಗಿದರು. ಅವತ್ತೇ ನನ್ನ ಮಾವ ಗಾಡಿ ಕಟ್ಟಿಕೊಂಡು ಮಗಳನ್ನು ನೋಡಲು ಬಂದಿದ್ದರು. ಸುತ್ತ ಹತ್ತು ಹಳ್ಳಿಯ ಪಂಚಾಯ್ತಿಯಲ್ಲಿ ಅವರ ಮಾತೆಂದರೆ ಮಾತು. ಹಿರಿಯೂರಿನವರಿಗೂ ಅವರ ಹೆಸರು ಗೊತ್ತಿತ್ತು. "ನ್ಯಾಯ ಹೇಳೋರಿಗೆ ಯಾವ ನ್ಯಾಯ ಆದ್ರೇನು" ಎಂದು ಎರಡೂ ಕಡೆಯವರು ಒಪ್ಪಿಬಿಟ್ಟರು. ಕಚ್ಚೆಪಂಚೆ, ತಲೆಗೆ ರುಮಾಲು, ಮೇಲೆ ಅಮಲ್ದಾರರ ಬಿಳಿ ಕೋಟು ಹಾಕಿಸಿ, ಅರ್ಧ ಗಂಟೆಯಲ್ಲಿ ಅವರಿಗೆ ಆಟ ಕಲಿಸುವ ಭಾರ ನನ್ನ ತಲೆಗೆ ಬಂತು.

"ಒಳಗೆ ಇಬ್ರು. ಅವ್ರನ್ನ ಹೊರಗೆ ಹಾಕಾಕೆ ಹನ್ನೊಂದು ಜನಾನಾ?"

"ಹೌದು ಮಾವ."

"ಅಂಥ ತಪ್ಪು ಏನು ಮಾಡ್ಯಾರೆ ಅವ್ರು?"

ತಪ್ಪು ಏನಿಲ್ಲ, ಈ ತುದಿಯಿಂದ ಆ ತುದಿಗೆ ಓಡಿದರೆ ಒಂದು ರನ್ನು, ತಿರುಗಿ ಬಂದರೆ ಎರಡು ಎಂದೆ. "ಇದ್ದ ಜಾಗಕ್ಕೇ ಬಂದ್ರಲ್ಲ, ಎರಡು ಹೆಂಗಾತು?" ಅಂದರು ಮಾವ. ನಾನು ಮುಂದಿನ ನಿಯಮಕ್ಕೆ ಹಾರಿದೆ.

ಅವರಿಗೆ ಹಿಡಿಸಿದ ನಿಯಮ ಒಂದೇ ಒಂದು. ಎದುರು ಪಕ್ಷದವರು ಕೇಳದೆ ಅಂಪೈರು ಯಾರನ್ನೂ ಔಟು ಅನ್ನಬಾರದು ಎಂದಾಗ ತೊಡೆ ತಟ್ಟಿ, "ಇದು ಸರಿ ಐತೆ. ದೂರಿಲ್ದೆ ನ್ಯಾಯ ಇಲ್ಲ" ಎಂದರು. ಆದರೆ ಔಟಾದವನಿಗೆ ಬೆರಳೆತ್ತಿ ತೋರಿಸಬೇಕು ಎಂದಾಗ ಸುತರಾಂ ಒಪ್ಪಲಿಲ್ಲ. "ಆಡಾಕೆ ಬಂದ ಮನುಷ್ಯನಿಗೆ ಬೆರಳು ತೋರ್ಸೋದಾ? ಅದು ಮರ್ಯಾದಸ್ಥರ ಕೆಲಸ ಅಲ್ಲ."

ಹಾಗಾಗಿ ಅವತ್ತು ಔಟಾದವರಿಗೆಲ್ಲ ಮಾವ ಕೈ ಮುಗಿದು "ಹೋಗಿ ಬರ್ರಿ" ಎಂದರು. ಹಿರಿಯೂರಿನ ಮೊದಲನೆಯವನು ಕಕ್ಕಾಬಿಕ್ಕಿಯಾಗಿ ತಾನೂ ಕೈ ಮುಗಿದು ಹೋದ. ಸೊನ್ನೆಗೆ ಔಟಾದ ನಮ್ಮ ಅಮಲ್ದಾರರು ಕೂಡ, ಮದುವೆಮನೆಯಿಂದ ಹೊರಟವರ ಹಾಗೆ, ನಗುತ್ತಲೇ ಹೋದರು.

ಕೊನೆಗೆ ನಮಗೆ ಬೇಕಾದದ್ದು ನಾಲ್ಕು ರನ್ನು, ಉಳಿದದ್ದು ಕೊನೆಯ ಜೋಡಿ, ಅದರಲ್ಲಿ ಒಬ್ಬ ನಾನು. ಚೆಂಡು ಬ್ಯಾಟಿನ ಅಂಚಿಗೆ ಸಣ್ಣಗೆ ತಾಗಿ ಹಿಂದೆ ನಿಂತವನ ಕೈಗೆ ಹೋಯಿತು. ಹನ್ನೊಂದು ಜನವೂ ಒಟ್ಟಿಗೆ ಕೂಗಿದರು. ಮಾವ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ನಿಧಾನವಾಗಿ ನಡೆದು ನನ್ನ ಮುಂದೆ ಬಂದು ನಿಂತರು.

"ಅಳಿಯಂದ್ರೇ, ಚೆಂಡು ತಾಗೈತೋ ಇಲ್ಲೋ, ನೀವೇ ಹೇಳ್ರಿ."

ಆಚೆ ಕುರ್ಚಿಯಲ್ಲಿ ಅಮಲ್ದಾರರು ಎದ್ದು ನಿಂತಿದ್ದರು. "ಇಲ್ಲ ಮಾವ" ಎಂದುಬಿಟ್ಟೆ.

ಮಾವ ಹಿರಿಯೂರಿನವರ ಕಡೆ ತಿರುಗಿದರು. "ಈ ಮಾತು ನಂಬಿ ನಾನು ಮಗಳನ್ನೇ ಕೊಟ್ಟೀನಿ. ಚೆಂಡು ಏನು ದೊಡ್ಡದು. ಔಟಿಲ್ಲ."

ಅವರು ತಲೆಯಾಡಿಸಿ ತಮ್ಮ ತಮ್ಮ ಜಾಗಕ್ಕೆ ಹೋದರು. ಉಳಿದ ನಾಲ್ಕು ರನ್ನು ಓಡಿ ನಾವು ಗೆದ್ದೆವು. ನನಗೆ ರಾತ್ರಿ ಊಟ ಸೇರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆ. ಆದರೆ ಮಾವ ಹೋದಲ್ಲೆಲ್ಲ ಆ ಕಥೆ ಹೇಳಿದರು. ಊರಲ್ಲಿ ಬದುವಿನ ಜಗಳವಾದರೆ "ಅಳಿಯಂದ್ರನ್ನ ಕರೀರಿ, ಅವ್ರು ಸುಳ್ಳು ಹೇಳಲ್ಲ" ಎನ್ನುವುದು. ಕಚೇರಿಯಲ್ಲೂ ಅದೇ ಹೆಸರು ಅಂಟಿತು. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಹೇಳಬೇಕು ಎನ್ನುತ್ತಾರೆ. ನನ್ನ ಪಾಡು ಉಲ್ಟಾ. ಆ ಒಂದು ಸುಳ್ಳಿನ ಮರ್ಯಾದೆ ಉಳಿಸಲು ನಾನು ಮೂವತ್ತು ವರ್ಷ ನಿಜ ಹೇಳಿಕೊಂಡು ಬದುಕಬೇಕಾಯಿತು.

ಮಾವ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಮಧ್ಯಾಹ್ನ, ನಾವಿಬ್ಬರೇ. ಇನ್ನು ತಡೆಯಲಾಗಲಿಲ್ಲ.

"ಮಾವ, ಅವತ್ತು ಚೆಂಡು ತಾಗಿತ್ತು."

"ಗೊತ್ತು. ಸದ್ದು ನನ್ನ ಕಿವಿಗೂ ಬಿದ್ದಿತ್ತು."

"ಮತ್ತೆ ಔಟು ಯಾಕೆ ಕೊಡಲಿಲ್ಲ?"

"ನ್ಯಾಯ ಹೇಳೋನೇ ಸಾಕ್ಷಿ ಆಗಂಗಿಲ್ಲಪ್ಪ. ಪಂಚಾಯ್ತೀಲಿ ಕಣ್ಣಾರೆ ಕಂಡಿದ್ದನ್ನೂ ನಾನು ಬಾಯಿ ಬಿಟ್ಟಿಲ್ಲ. ನಿಮ್ಮನ್ನ ಕೇಳ್ಬೇಕಿತ್ತು, ಕೇಳ್ದೆ."

ಕ್ರಿಕೆಟ್ಟಿನಲ್ಲಿ ಕಂಡವನೇ, ಕೇಳಿಸಿಕೊಂಡವನೇ ತೀರ್ಪು ಕೊಡಬೇಕು ಎಂಬ ಒಂದು ಮಾತನ್ನು ನಾನು ಕಲಿಸಲು ಮರೆತಿದ್ದೆ. ಗೊತ್ತಿದ್ದೂ ಅವರು ಮೂವತ್ತು ವರ್ಷ ನನ್ನನ್ನು ಹೊಗಳಿಕೊಂಡು ತಿರುಗಿದ್ದರು.

"ಇವತ್ತು ಸಾಕ್ಷಿ ಬಂತು ನೋಡ್ರಿ" ಎಂದು, ಕಂಬಳಿಯ ಒಳಗಿನಿಂದ ಬಲಗೈ ಹೊರಗೆ ತೆಗೆದು, ಜೀವಮಾನದಲ್ಲಿ ಯಾರಿಗೂ ಎತ್ತದ ಬೆರಳನ್ನು ನನಗೆ ಎತ್ತಿದರು. ಆಮೇಲೆ ಮೆಲ್ಲಗೆ, "ಹೋಗಿ ಬರ್ರಿ" ಎಂದರು. ನಾನು ಅವರ ಕಾಲು ಹಿಡಿದು ಅತ್ತುಬಿಟ್ಟೆ.

ಒಳಗೆ ಮಾತು ನಿಂತಂತಿದೆ, ಪಕ್ಕದ ಮನೆಯವಳು ಹೋದಳೇನೋ. ಈ ಕಥೆಯನ್ನು ನಿಮಗೆ ಸಲೀಸಾಗಿ ಹೇಳಿಬಿಟ್ಟೆ, ಹೇಳಲೇಬೇಕಾದ ಒಬ್ಬಳಿಗೆ ಮಾತ್ರ ಇನ್ನೂ ಹೇಳಿಲ್ಲ. ಒಂದು ನಿಮಿಷ ಕೂತಿರಿ.

ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿನಗೊಂದು ಮಾತು ಹೇಳಬೇಕಾಗಿತ್ತು" ಎಂದೆ.

ಅವಳು ತಲೆಯೆತ್ತಲಿಲ್ಲ. "ಅಗಸೆ ಸೀದೀತು, ಬೇಗ ಹೇಳ್ರಿ" ಎಂದಳು.