ಬ್ಯಾರೆ ಒಲಿಯ ಮಾತು

ತಾರಿಹಾಳದ ವಾಲ್ವ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಸೂಟಿ ಬೇಕೆಂದರೆ ಮನೆಯ ಸುದ್ದಿಯನ್ನೆಲ್ಲ ಬಿಚ್ಚಿ ಹೇಳಬೇಕಾಗಿತ್ತು. ಹಳೆಯ ಸೂಪರ್‌ವೈಸರ್ ಸೋಮಪ್ಪ ಹಾಕಿದ ಪದ್ಧತಿ ಅದು. "ನಾಳೆ ಬರಂಗಿಲ್ರಿ" ಎಂದಷ್ಟೇ ಹೇಳಿ ತಿರುಗಿದರೆ ಆತ ಬಿಡುತ್ತಿರಲಿಲ್ಲ.

"ಯಾಕ ಬರಂಗಿಲ್ಲ? ಮನ್ಯಾಗ ಏನಾಗೇತಿ? ಕುಂದರು, ಚಾ ಕುಡಿ, ಹೇಳು."

ಅತ್ತೆಯ ಮೊಣಕಾಲು, ಗಂಡನ ಕುಡಿತ, ಮೈದುನನ ಜಗಳ ಎಲ್ಲ ಆತನ ಕಿವಿಗೆ ಬೀಳುತ್ತಿದ್ದವು. ಹೊರಗೆ ಒಂದು ಕಾಳೂ ಉದುರುತ್ತಿರಲಿಲ್ಲ. ಅದೇ ವಿಭಾಗದಲ್ಲಿ ಡಬ್ಬಿ ಕಟ್ಟುವ ಅಬೀದಾ ಹುಟ್ಟಿದ್ದು ಹೆಬ್ಬಳ್ಳಿಯಲ್ಲಿ. ನೆಲದೊಳಗೆ ಜೋಳ ಹೂಳಿಡುವ ಹಗೇವುಗಳನ್ನು ಕಂಡು ಬೆಳೆದವಳು. "ಸೋಮಪ್ಪಣ್ಣನ ಹೊಟ್ಟಿ ಅಂದ್ರ ಹಗೇವು. ಮ್ಯಾಲ ಮಣ್ಣು ಮುಚ್ಚಿತಂದ್ರ ಮುಗೀತು" ಎನ್ನುತ್ತಿದ್ದಳು. ಗಂಡ ತೀರಿಕೊಂಡು, ಮಗಳು ಅಲ್ಫಿಯಾಳನ್ನು ಒಬ್ಬಳೇ ಸಾಕಿದ ಕಾಲದಲ್ಲಿ ಆಕೆ ಅತ್ತದ್ದು ಆ ಹಗೇವಿನ ಮುಂದೆಯೇ.

ಸೋಮಪ್ಪ ನಿವೃತ್ತನಾದ. ಆತನ ಖುರ್ಚಿಗೆ ಯಾರೂ ಬರಲಿಲ್ಲ. ಬದಲಿಗೆ ಎಲ್ಲರ ಮೊಬೈಲಿನೊಳಗೆ 'ಸಖಿ' ಬಂದಳು. ಆಫೀಸಿನ ಹುಡುಗ ಯಲ್ಲೇಶ ಹೆಂಗಸರನ್ನೆಲ್ಲ ಕೂಡಿಸಿ ತಿಳಿಸಿ ಹೇಳಿದ.

"ಇನ್ನ ಮ್ಯಾಲ ಸೂಟಿಗೆ ಯಾರ ಮುಂದೂ ನಿಂದ್ರೂದು ಬ್ಯಾಡ್ರಿ. ಸಖಿಗೆ ಹೇಳ್ರಿ. ಬರ್ಯಾಕ ಬರದಿದ್ರೂ ನಡೀತೈತಿ, ಬಾಯಿಲೆ ಹೇಳ್ರಿ. ಆಕಿನ ಬರಕೋತಾಳ, ಆಕಿನ ಮಂಜೂರ ಮಾಡ್ತಾಳ."

"ಯಾವ ಊರಾಕಿಪಾ ಈಕಿ?" ಎಂದಳು ನೀಲಾ. ಅಬೀದಾಳ ಪಕ್ಕದಲ್ಲೇ ನಿಂತು ಡಬ್ಬಿ ಕಟ್ಟುವವಳು ಆಕೆ.

"ಯಾವ ಊರಾಕಿನೂ ಅಲ್ಲ ನೀಲಕ್ಕ. ಮಷೀನು."

"ಹಂಗಾರ ಛಲೋ ಆತು. ಅತ್ತಿಮನಿ ಇಲ್ಲ, ತವರಮನಿ ಇಲ್ಲ. ಚಾಡಿ ಹೇಳಾಕರ ಎಲ್ಲಿ ಹೋಗ್ತಾಳ?"

ಎಲ್ಲರೂ ನಕ್ಕರು. ಅಬೀದಾ ಮಾತ್ರ ಕೇಳಿದಳು: "ನಾವು ಹೇಳಿದ್ದು ಎಲ್ಲಿ ಹೋಗತೈತಿ, ಯಲ್ಲೇಶಾ?"

"ಎಲ್ಲೂ ಇಲ್ರಿ ಅಕ್ಕಾರ. ಆಕಿ ಹೊಟ್ಟ್ಯಾಗ ಹಾಕಿದ್ದು ಆಕಿ ಹೊಟ್ಟ್ಯಾಗ. ನನ್ನ ಮಾತ ನಂಬ್ರಿ."

ಅಬೀದಾ ನಂಬಿದಳು.

ಆ ಹೊತ್ತಿಗೆ ಅಲ್ಫಿಯಾ ಗಂಡನ ಮನೆ ಬಿಟ್ಟು ನವನಗರದ ಬಾಡಿಗೆ ಮನೆಗೆ, ತಾಯಿಯ ಹತ್ತಿರ ಬಂದು ಕೂತಿದ್ದಳು. ಗಂಡ ಫರಾಜ ಗ್ಯಾರೇಜಿನ ಮೆಕ್ಯಾನಿಕ್, ಮಾತು ಕಡಿಮೆ. ಆಡುವುದೆಲ್ಲ ಆತನ ಅತ್ತಿಗೆಯೇ. ಅಲ್ಫಿಯಾ ತಾಟಿನ ಮುಂದೆ ಕೂತರೆ ಆ ಅತ್ತಿಗೆ ರೊಟ್ಟಿ ಎಣಿಸುತ್ತಿದ್ದಳಂತೆ. ಬಾಯಿಂದಲ್ಲ, ಕಣ್ಣಿಂದ.

"ಬ್ಯಾರೆ ಮನಿ ಮಾಡಿದ್ರ ಹೋಗ್ತೇನಿ. ಇಲ್ಲಾಂದ್ರ ಆ ಹೊಸ್ತಿಲಾ ತುಳಿಯಂಗಿಲ್ಲ ಅಮ್ಮೀ" ಎಂದಿದ್ದಳು ಅಲ್ಫಿಯಾ. ಅಬೀದಾ ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದ್ದಳು: "ಬ್ಯಾರೆ ಮನಿ ಆಗೂತನಕ ನಾನೂ ಕಳಸಂಗಿಲ್ಲ."

ಶುಕ್ರವಾರದ ನಮಾಜಿನ ನಂತರ ಜಮಾತಿನ ಹಿರಿಯ ಕಮರುದ್ದೀನರ ಪಡಸಾಲೆಯಲ್ಲಿ ಮಾತುಕತೆ ಎಂದು ನಿಗದಿಯಾಯಿತು. ಕಾರ್ಖಾನೆಯಲ್ಲಿ ಈ ಸುದ್ದಿ ಯಾರಿಗೂ ತಿಳಿಯಬಾರದೆಂದು ಅಬೀದಾ ಜೀವ ಬಿಗಿಹಿಡಿದುಕೊಂಡಿದ್ದಳು. ಕಾರಣವೂ ಇತ್ತು. ಅದೇ ಕಾರ್ಖಾನೆಯ ಸ್ಟೋರಿನಲ್ಲಿದ್ದ ರಸೂಲಸಾಬ ಫರಾಜನ ಚಿಕ್ಕಪ್ಪ. ಈ ಸಂಬಂಧ ತಂದವನೂ ಆತನೇ. ಇಲ್ಲಿ ಆಡಿದ ಮಾತು ಆತನ ಕಿವಿಗೆ ಬಿದ್ದರೆ ನೇರ ಬೀಗರ ಮನೆ ಮುಟ್ಟುತ್ತಿತ್ತು. ಆತನ ಕಣ್ಣು ತಪ್ಪಿಸಲು ಅಬೀದಾ ಬುತ್ತಿ ಉಣ್ಣುವ ಜಾಗವನ್ನೇ ಬದಲಿಸಿದ್ದಳು.

ಸೂಟಿಯಂತೂ ಬೇಕಲ್ಲ. ಊಟದ ಬಿಡುವಿನಲ್ಲಿ ನೀರಿನ ಟಾಕಿಯ ಹಿಂದೆ ನಿಂತು ಫೋನನ್ನು ಬಾಯಿಯ ಹತ್ತಿರ ಹಿಡಿದಳು.

"ನಮಸ್ಕಾರ ಅಬೀದಾ ಅವರೇ. ನಿಮಗೆ ರಜೆ ಯಾವ ಕಾರಣಕ್ಕೆ ಬೇಕು?" ಎಂದಿತು ಹೆಣ್ಣು ದನಿ.

"ಮಗಳ ಸಂಸಾರದ ಮಾತುಕತಿ ಐತವ್ವಾ."

"ಅರ್ಥವಾಯಿತು. ಇನ್ನೂ ಏನಾದರೂ ಹೇಳುವುದಿದೆಯೇ?"

ಆ ದನಿ ಅವಸರ ಮಾಡಲಿಲ್ಲ. ಸೋಮಪ್ಪ ಹೋದ ಮೇಲೆ ಅಬೀದಾಳನ್ನು ಹಾಗೆ ಯಾರೂ ಕೇಳಿರಲಿಲ್ಲ. ಎದೆಯಲ್ಲಿದ್ದದ್ದೆಲ್ಲ ಸಡಿಲಾಯಿತು. ರೊಟ್ಟಿ ಎಣಿಸಿದ್ದು, ಮಗಳು ಸೊರಗಿದ್ದು ಹೇಳಿದಳು. ಕೊನೆಗೆ, ಮಗಳ ಮುಂದೂ ಆಡದ ಮಾತನ್ನು ದನಿ ಇಳಿಸಿ ಆಡಿದಳು:

"ಬ್ಯಾರೆ ಮನಿ ಬೇಕಂತ ಹಟಾ ಹಿಡೀತೇನಿ. ಆದ್ರ ಬ್ಯಾರೆ ಮನಿ ಅವರ ಕೈಲೆ ಎಲ್ಲಿ ಆಗತೈತಿ? ಅದ ಮನ್ಯಾಗ ಬ್ಯಾರೆ ಒಲಿ ಹೂಡಿಕೊಟ್ರೂ ಸಾಕು, ಕಳಿಸಿಬಿಡ್ತೇನಿ. ನನಗರ ಎಷ್ಟ ದಿನ ಕೈಯಾಗ ಕಸುವಿರತೈತಿ? ಇದನ್ನ ಅವರ ಮುಂದ ಅನಬಾರದು ನೋಡು. ಕಡೀಕ, ಏನೂ ಆಗದಿದ್ರ ಅಂತೇನಿ."

"ಧನ್ಯವಾದಗಳು. ನಿಮ್ಮ ರಜೆ ಮಂಜೂರಾಗಿದೆ."

ಹಗುರಾದ ಮೈಯಲ್ಲಿ ಅಬೀದಾ ಕೆಲಸಕ್ಕೆ ಮರಳಿದಳು.

ಶುಕ್ರವಾರ ಪಡಸಾಲೆಯಲ್ಲಿ ಹೆಂಗಸರಿಗೆ ಒಳಬಾಗಿಲ ಹತ್ತಿರ ಚಾಪೆ ಹಾಸಿದ್ದರು. ಅಬೀದಾ ಸೆರಗು ಸರಿ ಮಾಡಿಕೊಂಡು ಹೇಳಬೇಕಾದದ್ದನ್ನು ಗಟ್ಟಿಯಾಗಿಯೇ ಹೇಳಿದಳು: "ಬ್ಯಾರೆ ಮನಿ ಮಾಡ್ರಿ. ಇಲ್ಲದಿದ್ರ ನನ್ನ ಮಗಳು ಬರಂಗಿಲ್ಲ." ಫರಾಜ ತಲೆತಗ್ಗಿಸಿ, ಗ್ರೀಸ್ ಹಿಡಿದ ಉಗುರು ನೋಡಿಕೊಳ್ಳುತ್ತಿದ್ದ. ಕ್ಷಣಹೊತ್ತು, ಆತ ಹೂಂ ಅಂದೇ ಬಿಡುತ್ತಾನೆ ಎನ್ನಿಸಿತು.

ಆಗ ರಸೂಲಸಾಬ ಬಾಯೊಳಗಿನ ಎಲೆಅಡಿಕೆ ಉಗುಳಿ ಬಂದು ಕೂತ.

"ಅಬೀದಾಬಿ, ಬ್ಯಾರೆ ಮನಿ ಯಾಕ? ಬ್ಯಾರೆ ಒಲಿ ಹೂಡಿಕೊಟ್ರ ಸಾಕಲ್ಲ ನಿಮಗ?"

ಅಬೀದಾ ತಟ್ಟನೆ ಆತನ ಕಡೆ ತಿರುಗಿದಳು. ತನ್ನ ಬಾಯಿಯ ಮಾತೇ, ಅದೇ ಒಲೆ. "ಸಾಕಂತ ಯಾರ ಅಂದ್ರು ರಸೂಲಭಾಯಿ?"

"ನೀವ ಅಂದೀರಿ. ಕಾರ್ಖಾನಿ ಗ್ರೂಪಿನ್ಯಾಗ ನಿನ್ನೆ ಸಂಜೀಕ ಬಂದೈತಿ." ಓದಲು ಬಾರದ ಅಬೀದಾ ಆ ಗ್ರೂಪು ತೆರೆದವಳೇ ಅಲ್ಲ. ಆತ ಫೋನು ತೆಗೆದು ಎಲ್ಲರಿಗೂ ಕೇಳುವಂತೆ ಓದಿದ. "ಅಬೀದಾ ಅವರು ಶುಕ್ರವಾರ ರಜೆಯಲ್ಲಿರುತ್ತಾರೆ. ಕಾರಣ: ಮಗಳ ಸಂಸಾರದ ಮಾತುಕತೆ. ಅದೇ ಮನೆಯಲ್ಲಿ ಬೇರೆ ಒಲೆ ಮಾಡಿಕೊಟ್ಟರೂ ಮಗಳನ್ನು ಕಳಿಸಲು ಅವರು ಸಿದ್ಧರಿದ್ದಾರೆ. ಅವರ ಬದಲಿಗೆ ಯಾರು ಬರಬಲ್ಲಿರಿ?"

ಗಂಡಸರಲ್ಲಿ ಯಾರೋ ಕಿಸಕ್ಕೆಂದರು. ಅಲ್ಫಿಯಾ ನಗಲಿಲ್ಲ. ತಾಯಿಯ ಕಡೆ ಪೂರಾ ತಿರುಗಿ ಕೂತಳು.

"ಮನಿ ಬಿಟ್ಟು ಇಲ್ಲಿ ಬರೂಕಿಂತ ಮೊದಲ ಒಪ್ಪಿಬಿಟ್ಟಿದ್ದಿ ಏನ ಅಮ್ಮೀ?"

ಇಲ್ಲ ಎನ್ನಬೇಕಾಗಿತ್ತು. ಆದರೆ ಮಗಳ ಮುಖ ನೋಡಿ ಸುಳ್ಳು ಹೇಳಲು ಅಬೀದಾಗೆ ಬಾಯಿ ಬರಲಿಲ್ಲ.

"ಎರಡೂ ಕಡೆಯವರು ಒಪ್ಪಿದ ಮ್ಯಾಲ ಮಾತೇನೈತಿ" ಎಂದರು ಕಮರುದ್ದೀನ. ಹಿತ್ತಲ ಕಡೆ ಬೇರೆ ಒಲೆ ಎಂದು ತೀರ್ಮಾನವಾಯಿತು. ಅಲ್ಫಿಯಾ ಅಂದೇ ಬ್ಯಾಗು ತಗೊಂಡು ಹೋದಳು. ತಾಯಿ ಕೈಚಾಚಿದರೂ ಬ್ಯಾಗು ಹಿಡಿಯಗೊಡಲಿಲ್ಲ.

ಮರುದಿನ ಅಬೀದಾ ಆಫೀಸಿನ ಬಾಗಿಲಲ್ಲಿ ನಿಂತಳು. "ಆಕಿ ಹೊಟ್ಟ್ಯಾಗ ಇರತೈತಿ ಅಂದಿದ್ದೆಲ್ಲೋ ಯಲ್ಲೇಶಾ?"

"ಬದಲಿ ಮಂದಿ ಬೇಕಾದಾಗ ಅದು ಗ್ರೂಪಿಗೆ ಹಾಕತೈತ್ರಿ ಅಕ್ಕಾರ. ಕಾರಣ ಗೊತ್ತಾದ್ರ ಮಂದಿ ಲಗೂ ಒಪ್ತಾರಂತ ಹಂಗ ಮಾಡಿಸೇವಿ. ನೀವು ಮನಿ ಕೆಲಸ ಅಂತ ಒಂದ ಮಾತ ಅಂದಿದ್ರ ಆಗತಿತ್ತು. ಅಷ್ಟೆಲ್ಲಾ ಯಾಕ ಹೇಳಾಕ ಹೋದ್ರಿ?"

"ಕೇಳಿದ್ಲಲ್ಲಪಾ. ಹಂಗಾರ ಗ್ರೂಪಿಗೆ ಹೋಗತೈತಂತ ನಿನಗ ಮೊದಲ ಗೊತ್ತಿತ್ತು?"

ಯಲ್ಲೇಶ ಮೇಜಿನ ಮೇಲಿನ ಪೆನ್ನು ತಿರುಗಿಸಿದ. "ಗೊತ್ತಿತ್ರಿ. ಮೊದಲ ಹೇಳಿದ್ರ ನೀವ್ಯಾರೂ ಅದರ ಜೋಡಿ ಮಾತಾಡ್ತಿದ್ದಿಲ್ಲ."

ಅಬೀದಾ ಆಫೀಸಿನಿಂದ ಹೊರಟಳು. ಪ್ಯಾಕಿಂಗ್ ಸಾಲಿಗೆ ಬಂದು ನಿಂತರೆ ನೀಲಾ ಕಣ್ಣು ಎತ್ತಲಿಲ್ಲ. ಗ್ರೂಪಿಗೆ ಬಂದದ್ದನ್ನು ಗುರುವಾರವೇ ನೋಡಿದ್ದಳು ಆಕೆ. ಬದಲಿಗೆ ಬರಲು ಒಪ್ಪಿ, ಕೈ ಜೋಡಿಸಿದ ಚಿತ್ರವನ್ನೂ ಹಾಕಿದ್ದಳು.

"ನಿನಗ ಕೆಟ್ಟ ಅನಸ್ತೈತಂತ ಹೇಳಲಿಲ್ಲ ಅಕ್ಕಾ."

"ಕೆಟ್ಟ ಅನಸಿದ್ರ ಛಲೋ ಇತ್ತ ನೀಲಾ. ಅವತ್ತ ರಾತ್ರಿ ಮಗಳ ಮುಂದ ಕುಂತು ನಾನ ಹೇಳಿಬಿಡ್ತಿದ್ದೆ."

ಮುಂದಿನ ಸಲ ಸಖಿ ಕಾರಣ ಕೇಳಿದಾಗ ಅಬೀದಾ "ಜ್ವರ" ಎಂದಳು. ಇನ್ನೂ ಏನಾದರೂ ಹೇಳುವುದಿದೆಯೇ ಎಂದರೆ ಇಲ್ಲ ಎಂದಳು. "ಬೇಗ ಗುಣಮುಖರಾಗಿ" ಎಂದು ಅದು ಹಾರೈಸಿತು. ಜ್ವರವಿಲ್ಲದ ಮೈ ಹೊತ್ತು ಆಕೆ ಮಗಳನ್ನು ನೋಡಲು ಹೋದಳು.

ಹಿತ್ತಲ ತಗಡಿನ ಕೆಳಗೆ ಹೊಸ ಗ್ಯಾಸಿನ ಒಲೆ ಹೊಳೆಯುತ್ತಿತ್ತು. ಅಲ್ಫಿಯಾ ಚಹಾ ಸೋಸಿ ಕೊಟ್ಟು ಗೋಡೆಗೊರಗಿ ನಿಂತಳು. ಇನ್ನಷ್ಟು ಸೊರಗಿದ್ದಳು.

"ಹೆಂಗ ಅದೀ ಬೇಟಾ?"

"ಆರಾಮ ಅದೇನಿ."

"ಅವರು ಈಗ್ಲೂ ನಿನ್ನ ತಾಟಿನ ಕಡೆ..."

"ಹಂಗೇನಿಲ್ಲ."

ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು. ಅಬೀದಾ ಕಪ್ಪು ಕೆಳಗಿಟ್ಟು ಮೆಲ್ಲಗೆ ಕೇಳಿದಳು: "ಇನ್ನ ಏನಾರ ಹೇಳೂದೈತೇನ?"

"ಏನಿಲ್ಲ ಅಮ್ಮೀ."

ಅಷ್ಟಂದು ಅಲ್ಫಿಯಾ ಬೆನ್ನು ತಿರುಗಿಸಿ, ಆರಿಸುವವಳಂತೆ ಒಲೆಯ ಗುಂಡಿಯನ್ನು ತಿರುವಿದಳು. ಒಲೆ ಆಗಲೇ ಆರಿತ್ತು.